ಮಂಡಿ ನೋವು ಅಂತ ಹೇಳುತ್ತಾ ಏಳು ತಿಂಗಳು

2018ರ ಜೂನ್. ನಾನಾಗ ಒಂಬತ್ತನೇ ಕ್ಲಾಸು, ವಯಸ್ಸು ಹದಿನಾಲ್ಕು. ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಇಳಿಯುವಾಗ ಬಲಗಾಲಿನ ಮಂಡಿಯ ಒಳಭಾಗದಲ್ಲಿ ಯಾರೋ ಹಿಡಿದು ತಿರುಚಿದ ಹಾಗಾಗುತ್ತಿತ್ತು. ಬಸ್ಸಿನಲ್ಲಿ ಕೂತರೆ ಕಡಿಮೆ, ಸಂಜೆ ಗುಡ್ಡ ಹತ್ತುವಾಗ ಮತ್ತೆ ಶುರು.

ಅಪ್ಪಯ್ಯನಿಗೆ ಹೇಳಿದೆ. "ಬೆಳೆಯೋ ವಯಸ್ಸು ಮಾರಾಯ, ಮೂಳೆ ಬೆಳೀತಾ ಇರ್ತದೆ. ಎಂತ ಆಗಲ್ಲ" ಅಂದರು. ಅಮ್ಮ ರಾತ್ರಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ವಯಸ್ಸಿಗೆ ಮೀರಿ ದಪ್ಪ ಇದ್ದೆನಾದ್ದರಿಂದ ಮನೆಗೆ ಬಂದವರೆಲ್ಲ "ಸ್ವಲ್ಪ ಓಡಾಡಿದ್ರೆ ಸರಿ ಹೋಗ್ತದೆ" ಅನ್ನುವವರೇ. ಓಡಾಡಿದೆ. ನೋವು ಹೆಚ್ಚಾಯಿತು.

ಅಪ್ಪ ಅಮ್ಮನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಆ ವರ್ಷದ ಮಳೆ ಮಲೆನಾಡಿನವರಿಗೆ ನೆನಪಿದ್ದೇ ಇದೆ. ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನವೂ ಮಳೆ ಹೊಳವಾಗದೆ ಕೊಳೆ ರೋಗ ಹಬ್ಬಿ, ಎಳೆ ಅಡಿಕೆ ಮರದಡಿ ಹಾಸಿಗೆಯ ಹಾಗೆ ಉದುರಿತ್ತು. ಅಪ್ಪಯ್ಯ ಬೆಳಗಾದರೆ ಅದನ್ನು ಗೋರಿ ರಾಶಿ ಹಾಕುತ್ತಿದ್ದರು. ಅಂಥ ಹೊತ್ತಿನಲ್ಲಿ, ತಿಂದುಂಡು ಶಾಲೆಗೆ ಹೋಗಿ ಬರುವ ಹುಡುಗನ ಮಂಡಿ ನೋವು ಯಾರಿಗೆ ದೊಡ್ಡದಾಗಿ ಕಂಡೀತು? ಜ್ವರ ಬಂದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಕಾಡಿನ ಉಣುಗು ಕಚ್ಚಿ ಬರುವ ಜ್ವರ, ಮಂಗನ ಕಾಯಿಲೆಯ ಸೀಮೆ ನಮ್ಮದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದ ಮೇಲೆ ಇಲ್ಲಿ ಜ್ವರವನ್ನು ಹಗುರವಾಗಿ ನೋಡುವವರಿಲ್ಲ. ನೋವಿಗೆ ಆ ಮರ್ಯಾದೆ ಇರಲಿಲ್ಲ.

ಆಗಸ್ಟಿನಲ್ಲಿ ನಾಟಿ ಔಷಧಿ ಕೊಡುವವರೊಬ್ಬರು ಮಂಡಿಗೆ ಸೊಪ್ಪು ಅರೆದು ಕಟ್ಟಿದರು. ಅಕ್ಟೋಬರಿನಲ್ಲಿ ನನ್ನ ಕಾಟ ತಡೆಯಲಾರದೆ ಅಪ್ಪಯ್ಯ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಮಂಡಿಯ ಎಕ್ಸ್‌ರೇ ತೆಗೆದರು. ಅದರಲ್ಲಿ ಏನೂ ಇರಲಿಲ್ಲ. "ಏನೂ ಇಲ್ಲ" ಎಂಬ ಆ ಎರಡು ಮಾತು ನನಗೆ ನೋವಿಗಿಂತ ಭಾರವಾಯಿತು. ಅಲ್ಲಿಯವರೆಗೆ ಅಪ್ಪಯ್ಯನಿಗೆ ನನ್ನ ಮೇಲೆ ಅರ್ಧ ಅನುಮಾನವಿತ್ತು. ಈಗ ಶಾಲೆ ತಪ್ಪಿಸಲು, ತೋಟದ ಕೆಲಸ ತಪ್ಪಿಸಲು ಹೇಳುತ್ತಿದ್ದೇನೆ ಅಂತ ತೀರ್ಮಾನವೇ ಆಯಿತು. ನನಗೂ ಒಂದೊಂದು ರಾತ್ರಿ ಹಾಗೇ ಅನ್ನಿಸುತ್ತಿತ್ತು. ನಾನೇ ಸುಳ್ಳು ಹೇಳುತ್ತಿದ್ದೇನಾ ಅಂತ.

ಆ ಅನುಮಾನ ಹೋಗಲಿ ಅಂತಲೇ ನಾನು ಬರೆದಿಡಲು ಶುರು ಮಾಡಿದ್ದು. ಲೆಕ್ಕದ ರಫ್ ನೋಟಿನ ಕೊನೆಯ ಹಾಳೆಗಳಲ್ಲಿ ದಿನಕ್ಕೆ ಒಂದೆರಡು ಸಾಲು. ಮೊದಲ ವಾರ "ಇವತ್ತು ತುಂಬಾ ನೋವು" ಅಂತಷ್ಟೇ ಬರೆದೆ. ಓದಿ ನೋಡಿದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ, ಎಲ್ಲ ದಿನವೂ ಒಂದೇ. ಆಮೇಲೆ ಏನು ಮಾಡಲು ಆಗಲಿಲ್ಲ ಅನ್ನುವುದನ್ನು ಬರೆಯತೊಡಗಿದೆ. ಕುಕ್ಕರಗಾಲಲ್ಲಿ ಕೂತರೆ ಬಲ ಮಂಡಿ ತಾನಾಗಿ ಹೊರಕ್ಕೆ ಹೋಗುತ್ತದೆ. ಕಾಲುಚೀಲ ಹಾಕಲು ಬಗ್ಗಿದರೆ ತೊಡೆಸಂದಿಯಲ್ಲಿ ಹಿಡಿಯುತ್ತದೆ. ಬಲಗಾಲು ಮಾತ್ರ, ಎಡಗಾಲಿಗೆ ಒಂದು ದಿನವೂ ಇಲ್ಲ. ಬೆಳಗ್ಗೆ ಎದ್ದಾಗಲೂ ಇರುತ್ತದೆ. ಪ್ರಾರ್ಥನೆಗೆ ನಿಂತಾಗ ಮೈಭಾರ ಎಡಕ್ಕೆ ಹಾಕಿಕೊಂಡೇ ನಿಲ್ಲುತ್ತೇನೆ.

ಇದರಲ್ಲಿ ಎಷ್ಟು ಉತ್ತರ ಅಡಗಿತ್ತು ಅಂತ ಆಮೇಲೆ ಗೊತ್ತಾಯಿತು. ಬೆಳೆಯುವ ಮಕ್ಕಳ ಕಾಲುನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಸಂಜೆಯೋ ರಾತ್ರಿಯೋ ಬರುತ್ತದೆ, ಬೆಳಗಾಗುವಷ್ಟರಲ್ಲಿ ಇರುವುದಿಲ್ಲ, ಮಗು ಕುಂಟುವುದಿಲ್ಲ. ಒಂದೇ ಕಾಲು, ವಾರಗಟ್ಟಲೆ, ಜೊತೆಗೆ ಕುಂಟು ಅಂದರೆ ಅದು ಬೇರೆ ಜಾತಿಯ ನೋವು.

ಡಿಸೆಂಬರಿನ ಒಂದು ಬೆಳಗ್ಗೆ ಅಡಿಕೆ ಒಣಗಿಸಲೆಂದು ಅಮ್ಮ ಅಂಗಳಕ್ಕೆ ಸಗಣಿ ಸಾರಿಸಿದ್ದಳು. ನೋಡದೆ ಅದರ ಮೇಲೆ ನಡೆದುಬಿಟ್ಟೆ. ಅಮ್ಮ ಬೈಯುತ್ತಾ ಬಂದವಳು ಹಾಗೇ ನಿಂತಳು. ನಾನೂ ತಿರುಗಿ ನೋಡಿದೆ. ಎಡಗಾಲಿನ ಗುರುತು ನೆಟ್ಟಗೆ, ಬಲಗಾಲಿನದು ಪ್ರತಿ ಹೆಜ್ಜೆಗೂ ಹೊರಕ್ಕೆ ತಿರುಗಿದೆ. "ಅದೆಂತಕ್ಕೆ ಹಾಗೆ ಕಾಲು ಹಾಕ್ತೀಯಾ?" ಅಂದಳು. "ನಾನು ಹಾಕೋದಲ್ಲಮ್ಮ, ಅದೇ ಹೋಗ್ತದೆ" ಅಂದೆ. ಅಮ್ಮ ಮುಂದೆ ಮಾತಾಡಲಿಲ್ಲ. ಆದರೆ ಅಡಿಕೆ ಕೊನೆ ಕೊಯ್ಲು ನಡೆದಿತ್ತು, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ರಾತ್ರಿಯೆಲ್ಲ ಸುಲಿಯುವ ಕೆಲಸ. ಆಸ್ಪತ್ರೆಯ ಮಾತು ಏಳಲಿಲ್ಲ.

ಆ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆಯಿಂದ ಜನ ತೀರಿಕೊಂಡರು. ಸುತ್ತಲ ತಾಲ್ಲೂಕುಗಳಲ್ಲೆಲ್ಲ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ ಹಂಚುವುದು, ಲಸಿಕೆ ಹಾಕುವುದು ಜೋರಾಯಿತು. ಜನವರಿಯಲ್ಲಿ ನಮ್ಮ ಶಾಲೆಗೂ ಬಂದರು. ಆ ಸೂಜಿ ತುಂಬಾ ನೋಯುತ್ತದೆ ಅಂತ ಎಲ್ಲರಿಗೂ ಹೆದರಿಕೆ. ನನಗೆ ಸೂಜಿಯ ಹೆದರಿಕೆ ಇರಲಿಲ್ಲ. ಊರಿಗೆ ಬಂದ ಆಸ್ಪತ್ರೆಯವರೊಬ್ಬರ ಹತ್ತಿರ, ಅಪ್ಪಯ್ಯ ಪಕ್ಕದಲ್ಲಿ ಇಲ್ಲದಾಗ, ಮಾತಾಡಲು ಸಿಗುವ ಸಮಯ ಇದೊಂದೇ ಅಂತ ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದೆ. ಬೇಕೆಂದೇ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಿಂದೆ ಯಾರೂ ಇರಲಿಲ್ಲ. ನರ್ಸ್ ಅಕ್ಕನಿಗೆ ನೋಟ್‌ಬುಕ್ ತೆರೆದು ಕೊಟ್ಟೆ. "ಅಕ್ಕಾ, ಇದನ್ನ ಒಂದ್ಸಲ ಓದ್ತೀರಾ? ಮನೇಲಿ ಹೇಳಿದ್ರೆ ನಂಬ್ತಾ ಇಲ್ಲ."

ಅವರು ನಿಂತುಕೊಂಡೇ ಓದಿದರು. ಆಮೇಲೆ ವರಾಂಡದ ಆ ತುದಿಯಿಂದ ಈ ತುದಿಗೆ ನಡೆಯಲು ಹೇಳಿದರು. ಅಷ್ಟೇ. ಸಂಜೆ ನಮ್ಮ ಮನೆಗೇ ಬಂದರು. ಅಪ್ಪಯ್ಯನ ಜೊತೆ ವಾದ ಮಾಡಲಿಲ್ಲ. "ಸೋಮವಾರ ಡಾಕ್ಟ್ರು ಇರ್ತಾರೆ, ನೀವು ಬರ್ಲೇಬೇಕು ಅಂತಿಲ್ಲ, ಅಮ್ಮನ ಜೊತೆ ಕಳ್ಸಿ" ಅಂದರು. ಬೇಡ ಅನ್ನಲು ಅಪ್ಪಯ್ಯನಿಗೆ ದಾರಿ ಇರಲಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮಂಡಿಯನ್ನು ಒಮ್ಮೆ ಒತ್ತಿ ನೋಡಿ ಬಿಟ್ಟರು. ನನ್ನನ್ನು ಅಂಗಾತ ಮಲಗಿಸಿ ಬಲಗಾಲನ್ನು ಎದೆಯ ಕಡೆಗೆ ಮಡಚಿದರು. ಅದು ನೇರ ಬರಲಿಲ್ಲ, ತೊಡೆ ಪೂರ್ತಿ ಹೊರಕ್ಕೆ ತಿರುಗಿಕೊಂಡು ಬಂತು. ಎಡಗಾಲು ನೇರವಾಗಿ ಮಡಚಿತು. "ಇವನಿಗೆ ತೊಂದರೆ ಇರೋದು ಮಂಡೀಲಲ್ಲ, ಸೊಂಟದ ಕೀಲಲ್ಲಿ" ಅಂದರು. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲು ಹೋಗುವುದರಿಂದ ಪೆಟ್ಟು ಮೇಲಿದ್ದರೂ ನೋವು ಕೆಳಗೆ ಕಾಣುತ್ತದಂತೆ. ಮಂಡಿಯ ಎಕ್ಸ್‌ರೇ ಸರಿಯಾಗಿ ಬಂದದ್ದು ಅದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ಸೊಂಟ ಬರುವ ಹಾಗೆ ಒಂದು, ಕಪ್ಪೆಯ ಹಾಗೆ ಕಾಲು ಅಗಲಿಸಿ ಮಲಗಿಸಿ ಇನ್ನೊಂದು ಚಿತ್ರ ತೆಗೆದರು. ಮುಂದಿನಿಂದ ತೆಗೆದ ಚಿತ್ರದಲ್ಲಿ ಮೂಳೆ ಸ್ವಲ್ಪವೇ ಜಾರಿದ್ದರೆ ಕಾಣದೆ ಹೋಗಬಹುದು, ಕಪ್ಪೆಯ ಭಂಗಿಯದರಲ್ಲಿ ಕಾಣುತ್ತದೆ.

ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ಗುಂಡು ಇರುತ್ತದೆ. ಹರೆಯದಲ್ಲಿ ಆ ಗುಂಡಿಗೂ ಕೆಳಗಿನ ಮೂಳೆಗೂ ನಡುವೆ ಬೆಳೆಯುವ ಮೆದು ಪದರವೊಂದಿದೆ. ಕೆಲವು ಮಕ್ಕಳಲ್ಲಿ, ಹೆಚ್ಚಾಗಿ ಮೈತೂಕ ಇರುವವರಲ್ಲಿ, ಆ ಪದರ ಸಡಿಲಾಗಿ ಮೂಳೆ ಜಾರುತ್ತದೆ. ಅಮ್ಮನಿಗೆ ಅರ್ಥವಾಗಲಿ ಅಂತ ಡಾಕ್ಟರು ಹೇಳಿದ್ದು ಚಿಪ್ಪಿನ ಸೌಟಿನ ಮಾತು. ಚಿಪ್ಪು ಇದ್ದಲ್ಲೇ ಇದೆ, ಹಿಡಿ ಓರೆಯಾಗಿ ಸರಿದಿದೆ. ಹಾಗೇ ನಡೆಯುತ್ತಿದ್ದರೆ ದಿನದಿನಕ್ಕೂ ಸರಿಯುತ್ತದೆ, ಒಂದು ದಿನ ಪೂರ್ತಿ ಕಳಚಿದರೆ ಆ ಗುಂಡಿಗೆ ಹೋಗುವ ರಕ್ತವೇ ನಿಂತುಹೋಗಬಹುದು. "ಇನ್ನು ಈ ಕಾಲು ನೆಲಕ್ಕೆ ಇಡೋ ಹಾಗಿಲ್ಲ" ಅಂದುಬಿಟ್ಟರು. ಏಳು ತಿಂಗಳು ಅದೇ ಕಾಲಲ್ಲಿ ಗುಡ್ಡ ಹತ್ತಿದ್ದೆ.

ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದರು. ಅಪ್ಪಯ್ಯ ಸುಲಿಯುವ ಕೆಲಸ ಬಿಟ್ಟು ಉಟ್ಟ ಪಂಚೆಯಲ್ಲೇ ಬಂದರು, ಉಗುರೆಲ್ಲ ಅಡಿಕೆಯ ಕರೆ. ನನಗೆ ಹದಿನೆಂಟು ಆಗಿರಲಿಲ್ಲವಾದ್ದರಿಂದ ಆಪರೇಷನ್ನಿಗೆ ಅವರ ಸಹಿ ಬೇಕಿತ್ತು. ಕಾಗದ ಕೈಯಲ್ಲಿ ಹಿಡಿದು, "ಜೂನಲ್ಲೇ ಬಂದಿದ್ರೆ?" ಅಂತ ಕೇಳಿದರು. ಇಷ್ಟು ಜಾರುತ್ತಿರಲಿಲ್ಲ ಅಂದರು ಮೂಳೆ ಡಾಕ್ಟರು, ಸುಳ್ಳು ಸಮಾಧಾನ ಹೇಳಲಿಲ್ಲ. ಅಪ್ಪಯ್ಯ ಸಹಿ ಹಾಕಿ ಹೊರಗೆ ಹೋದವರು ತುಂಬಾ ಹೊತ್ತು ಬರಲಿಲ್ಲ.

ಒಂದು ಸ್ಕ್ರೂ ಹಾಕಿ ಗುಂಡನ್ನು ಇದ್ದಲ್ಲೇ ನಿಲ್ಲಿಸಿದರು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿದರು, ಅದರ ಏರುಪೇರಿನಿಂದಲೂ ಹೀಗಾಗುವುದುಂಟು. ನನಗೆ ಅದು ಇರಲಿಲ್ಲ. ಆರು ವಾರ ಊರುಗೋಲು. ಒಂದು ಕಡೆ ಜಾರಿದವರಿಗೆ ಇನ್ನೊಂದು ಕಡೆಯೂ ಜಾರಬಹುದಾದ್ದರಿಂದ ಬೆಳವಣಿಗೆ ಮುಗಿಯುವವರೆಗೆ ಎಡಗಾಲಿಗೂ ಎಕ್ಸ್‌ರೇ ತೆಗೆಸುತ್ತಾ ಇದ್ದೆವು. ಈಗ ಬಲಗಾಲು ಒಂದು ಸೆಂಟಿಮೀಟರಿನಷ್ಟು ಗಿಡ್ಡ. ತುಂಬಾ ನಡೆದ ದಿನ ಸೊಂಟ ಹಿಡಿಯುತ್ತದೆ.

ನನ್ನ ಸ್ಥಿತಿಯಲ್ಲಿ ಈಗ ಇರುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ನಂಬದಿದ್ದರೆ ಅದನ್ನೇ ಮನೆಯಲ್ಲಿ ಹತ್ತನೇ ಸಲ ಹೇಳಿ ಸೋಲಬೇಡಿ, ಮನೆಯ ಹೊರಗಿನ ಒಬ್ಬ ದೊಡ್ಡವರಿಗೆ ಹೇಳಿ. ಆಶಾ ಕಾರ್ಯಕರ್ತೆ ಅಕ್ಕ ಊರಲ್ಲೇ ಇರುತ್ತಾರೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳನ್ನು ಪರೀಕ್ಷಿಸಲು ಬರುತ್ತದೆ, ಹದಿನೆಂಟು ವರ್ಷದವರೆಗಿನ ಎಲ್ಲರಿಗೂ ಅದು ಇದೆ. ಅವರು ಬಂದ ದಿನ "ಏನಾದರೂ ತೊಂದರೆ ಇದೆಯಾ" ಅಂತ ಕೇಳಿದಾಗ ಇಡೀ ಕ್ಲಾಸು ಇಲ್ಲ ಅನ್ನುತ್ತದೆ, ನೀವು ಇದೆ ಅನ್ನಿ. ಯಾರೂ ಸಿಗದಿದ್ದರೆ 1098, ಮಕ್ಕಳ ಸಹಾಯವಾಣಿ. ಹೇಳುವಾಗ ಎಷ್ಟು ನೋವು ಅನ್ನುವುದಕ್ಕಿಂತ ಯಾವ ಕೆಲಸ ಮಾಡಲಾಗುತ್ತಿಲ್ಲ ಅನ್ನುವುದನ್ನು ಹೇಳಿ. ಕಾಲು ಊರಲು ಆಗದಂಥ ನೋವು ಇದ್ದಕ್ಕಿದ್ದಂತೆ ಬಂದರೆ ಮಾತ್ರ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆ ಸೇರಬೇಕು.

ಹೋದ ತಿಂಗಳು ಅತ್ತೆಯ ಮಗಳು, ಹನ್ನೆರಡು ವರ್ಷ, ಖೋ ಖೋ ಆಡುವಾಗ ಮಂಡಿ ನೋವು ಅಂದಳು. ಒಂದೇ ಕಾಲು, ಮೂರು ವಾರದಿಂದ. "ಬೆಳೆಯೋ ವಯಸ್ಸು ಬಿಡೋ" ಅಂದರು ಅತ್ತೆ. ಅವರಿಗೆ ಉತ್ತರ ಕೊಡುವ ಮೊದಲೇ ಅಪ್ಪಯ್ಯ ಎದ್ದು ಬೈಕಿನ ಕೀಲಿ ತಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಸೊಂಟದ ಎಕ್ಸ್‌ರೇ ಸರಿಯಾಗಿತ್ತು. ಮಂಡಿಯ ಕೆಳಗಿನ ಗಂಟಿನಲ್ಲಿ ಉರಿಯೂತ, ಸ್ವಲ್ಪ ದಿನ ಓಟ ಕಡಿಮೆ ಮಾಡಿದರೆ ಸಾಕು ಅಂದರು. "ನೋಡಿದ್ಯಾ, ಸುಮ್ನೆ ಒಂದು ದಿನ ಹೋಯ್ತು" ಅಂದರು ಅತ್ತೆ. ಒಂದೇ ದಿನ ಹೋಯಿತಲ್ಲ ಅಂತ ನನಗೆ ಬಹಳ ಸಂತೋಷವಾಯಿತು.