ನಡುನೋಟ ಮಸುಕಾದ ಮೇಲೆ ನಾನು ಓದುತ್ತಿರುವ ಬಗೆ

ಓದುವುದಕ್ಕೆ, ಮುಖ ಗುರುತಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಬೇಕಾದ ಸೂಕ್ಷ್ಮ ದೃಷ್ಟಿಯೆಲ್ಲ ಬರುವುದು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುವಿನ ಮ್ಯಾಕ್ಯುಲಾ ಎಂಬ ಪುಟ್ಟ ಭಾಗದಿಂದ. ವಯಸ್ಸಾದಂತೆ ಅದು ಸವೆಯುವ ಕಾಯಿಲೆ ನನ್ನ ಎರಡೂ ಕಣ್ಣುಗಳಲ್ಲಿದೆ. ಎಡಗಣ್ಣಿನದು ನಿಧಾನವಾಗಿ ಸಾಗುವ ಡ್ರೈ ಬಗೆ. ಬಲಗಣ್ಣಿನದು ವೆಟ್ ಬಗೆಗೆ ತಿರುಗಿ, ರೆಟಿನಾದ ಅಡಿಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರತೊಡಗಿದವು. ನೆಂಟರಲ್ಲಿ ಹಲವರು ಇದನ್ನು ಪೊರೆಯೆಂದೇ ತಿಳಿದು ಆಪರೇಷನ್ ಮಾಡಿಸಿಕೊಳ್ಳಲು ಹೇಳುತ್ತಾರೆ. ಪೊರೆ ಬರುವುದು ಮಸೂರಕ್ಕೆ, ಅದನ್ನು ಬದಲಾಯಿಸಬಹುದು, ರೆಟಿನಾವನ್ನು ಬದಲಾಯಿಸಲಾಗದು.

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುವುದರಿಂದ, ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿಕೊಳ್ಳುವುದೇ ನನ್ನ ದಿನಚರಿಯ ಮೊದಲ ಕೆಲಸ. ಫ್ರಿಜ್ಜಿನ ಬಾಗಿಲಿಗೆ ಆಮ್ಸ್ಲರ್ ಗ್ರಿಡ್ ಅಂಟಿಸಿದ್ದೇನೆ: 10 ಸೆಂ.ಮೀ. ಚೌಕದೊಳಗೆ 5 ಮಿ.ಮೀ. ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿಕೊಂಡು, ಸುಮಾರು 30 ಸೆಂ.ಮೀ. ದೂರದಿಂದ, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡುತ್ತೇನೆ. ಗೆರೆ ಹೊಸದಾಗಿ ಡೊಂಕಾಗಿಯೋ ಅಳಿಸಿದಂತೆಯೋ ಕಂಡರೆ, ಮುಂದಿನ ತಾರೀಖಿಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸುತ್ತೇನೆ. ಪರಊರಿನಲ್ಲಿ ಕಿಟಕಿಯ ಸರಳುಗಳಿಂದಲೂ ಈ ಕೆಲಸ ನಡೆಯುತ್ತದೆ.

ವೆಟ್ ಬಗೆಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡುತ್ತಾರೆ. ಹನಿ ಹಾಕಿ ಮರಗಟ್ಟಿಸುವುದರಿಂದ ಕೇಳಿದಾಗ ಆಗುವಷ್ಟು ಭಯ ಅನುಭವದಲ್ಲಿ ಇಲ್ಲ. ಇದಕ್ಕೆ ಬಳಸುವ ಔಷಧಿಗಳಲ್ಲಿ ರಾನಿಬಿಝುಮಾಬ್ ದುಬಾರಿ; ಮೂಲತಃ ಕ್ಯಾನ್ಸರಿಗೆ ಬಳಸುವ ಬೆವಾಸಿಝುಮಾಬ್ ಬಹಳ ಅಗ್ಗ, ಒಂದು ವರ್ಷದ ಕೊನೆಗೆ ಎರಡರ ಫಲವೂ ಸಮವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ವೈದ್ಯರೊಡನೆ ಖರ್ಚಿನ ಮಾತನ್ನು ಸಂಕೋಚವಿಲ್ಲದೆ ಆಡಬೇಕು, ಏಕೆಂದರೆ ಈ ಚಿಕಿತ್ಸೆ ಒಂದೆರಡು ಬಾರಿಗೆ ಮುಗಿಯುವುದಿಲ್ಲ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಸೋರಿದ ನೀರು ಕಂಡಂತೆಲ್ಲ ಮುಂದುವರಿಯುತ್ತದೆ. ಚುಚ್ಚಿಸಿಕೊಂಡ ಬಳಿಕ ನೋವು ಹೆಚ್ಚುತ್ತಾ ದೃಷ್ಟಿ ಕುಗ್ಗಿದರೆ ಸೋಂಕಿನ ಅನುಮಾನದಿಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಡ್ರೈ ಬಗೆಯ ಎಡಗಣ್ಣಿಗಾಗಿ ಲ್ಯೂಟೀನ್, ಸತು, ವಿಟಮಿನ್ ಸಿ ಮತ್ತು ಇ ಇರುವ ಮಾತ್ರೆ ನುಂಗುತ್ತೇನೆ. ಅದು ಕಾಯಿಲೆಯ ವೇಗವನ್ನು ತಗ್ಗಿಸಬಹುದೇ ಹೊರತು ಹೋದ ದೃಷ್ಟಿಯನ್ನು ತಾರದು. ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೊಟೀನ್ ಇರುವ ಮಾತ್ರೆಯನ್ನು ತೆಗೆದುಕೊಳ್ಳಬಾರದು.

ಔಷಧಿಗಿಂತ ಹೆಚ್ಚು ತಾಳ್ಮೆ ಬೇಡಿದ್ದು ಓದು. ನೇರವಾಗಿ ನೋಡಿದರೆ ಆ ಪದವೇ ಮಾಯವಾಗುವುದರಿಂದ, ಕಣ್ಣನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ, ಅಂಚಿನ ದೃಷ್ಟಿಯಿಂದ ಓದಲು ಕಲಿಯಬೇಕು. ಬಲಕ್ಕೆ ನೋಡಿದರೆ ಮುಂದೆ ಬರುವ ಅಕ್ಷರಗಳು ಅಳಿಸುತ್ತಿದ್ದವು. ಕೆಳಕ್ಕೆ ನೋಡಿದರೆ ಒತ್ತಕ್ಷರಗಳು ಹೋಗಿ, ‘ಅಕ್ಕ’ ಯಾವುದು ‘ಅಪ್ಪ’ ಯಾವುದು ಎಂಬ ಗೊಂದಲ. ಸಾಲಿನ ಸ್ವಲ್ಪ ಮೇಲಕ್ಕೆ ನೋಟ ನೆಟ್ಟಾಗ ಮಸುಕು ಆಗಲೇ ಓದಿ ಮುಗಿದ ಸಾಲುಗಳ ಮೇಲೆ ಬಿದ್ದು, ಓದಬೇಕಾದ ಸಾಲು ಒತ್ತುಗಳ ಸಮೇತ ಉಳಿಯಿತು. ಎಲ್ಲರ ಮಸುಕೂ ಒಂದೇ ಕಡೆ ಇರುವುದಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮ್ಮ ದಿಕ್ಕನ್ನು ತಾವೇ ಹುಡುಕಿಕೊಳ್ಳಬೇಕು. ದೃಷ್ಟಿ ಕುಂದಿದವರಿಗೆ ನೆರವಾಗುವ ಲೋ ವಿಷನ್ ವಿಭಾಗವಿರುವ ಆಸ್ಪತ್ರೆಗಳಲ್ಲಿ ಇದಕ್ಕೆ ತರಬೇತಿಯೂ ದೊರೆಯುತ್ತದೆ. ಪುಟದ ಹತ್ತಿರಕ್ಕೆ ಬಾಗುವ ಟೇಬಲ್ ಲ್ಯಾಂಪು, ಪುಟದ ಮೇಲೆಯೇ ನಿಲ್ಲುವ ಭೂತಗನ್ನಡಿ, ಫೋನಿನಲ್ಲಿ ಕಪ್ಪು ಹಿನ್ನೆಲೆಯ ದೊಡ್ಡ ಬಿಳಿ ಅಕ್ಷರ, ಇವು ನನ್ನ ಸಲಕರಣೆಗಳು. ಮೊಸರನ್ನಕ್ಕೆ ಬಿಳಿ ತಟ್ಟೆಯನ್ನು ಬಿಟ್ಟು ಕಡುನೀಲಿ ತಟ್ಟೆ ತಂದುಕೊಂಡೆ.

ಸಂಜೆಯ ಮಬ್ಬಿನಲ್ಲಿ ಕೆಲವೊಮ್ಮೆ ಖಾಲಿ ಗೋಡೆಯ ಮೇಲೆ ರಂಗೋಲಿಯಂತಹ ವಿನ್ಯಾಸಗಳು ಕಾಣುತ್ತವೆ. ಕಣ್ಣಿನಿಂದ ಬಾರದ ಮಾಹಿತಿಯ ಜಾಗವನ್ನು ಮೆದುಳು ತಾನೇ ತುಂಬುವ ಈ ಸ್ಥಿತಿಗೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಎಂಬ ಹೆಸರಿದೆ, ಅದು ಮತಿಭ್ರಮಣೆಯಲ್ಲ. ವಯಸ್ಸಾದವರು ಹೆದರಿ ಇದನ್ನು ಮುಚ್ಚಿಡುತ್ತಾರೆ; ಮನೆಯವರೇ ಕೇಳಿ ತಿಳಿದು ವೈದ್ಯರಿಗೆ ಹೇಳುವುದು ಒಳ್ಳೆಯದು.