ಮೊದಲು ನೀರು, ಆಮೇಲೆ ಕಾಡು: ಕೋಬಾ ಗುಹೆ ಕೊಳದಲ್ಲಿ ಈಜು ಬಾರದವರ ಜೊತೆ ನನ್ನ ಅನುಭವ

ಕಾಡು ಸುತ್ತಿ, ಚೆನ್ನಾಗಿ ಬೆವತು, ಆಮೇಲೆ ಗುಹೆಯ ತಣ್ಣೀರಿಗೆ ಬೀಳೋದು. ಮೆಕ್ಸಿಕೋದ ಯುಕಾಟಾನ್ ಪರ್ಯಾಯ ದ್ವೀಪದ ಕಡೆ ಯಾವ ಹೋಟೆಲಿನ ಪ್ಯಾಕೇಜ್ ತಗೊಂಡರೂ ಸಾಮಾನ್ಯವಾಗಿ ಇದೇ ಕ್ರಮ. ನಾನು ಅದನ್ನು ತಿರುಗಿಸಿದೆ. ಮೊದಲು ನೀರು, ಆಮೇಲೆ ಕಾಡು. ಅಮೆರಿಕದ ಡಾಲಸ್‌ನಲ್ಲಿ ನಮ್ಮ ಪ್ರವಾಸದ ಗುಂಪಿನವರಿಗೆ ಹೇಳಿದಾಗ ಬಹಳ ಜನ ನಕ್ಕರು. ಒಬ್ಬರಂತೂ, ‘ಏನ್ರೀ, ಮಂಡಿನೋವಿನವರನ್ನ, ಈಜು ಬಾರದವರನ್ನ ಬೆಳಿಗ್ಗೆ ಬೆಳಿಗ್ಗೆ ಕತ್ತಲೆ ಗುಹೆಗೆ ಇಳಿಸ್ತೀರಾ? ತಲೆ ಸರಿ ಇದೆಯಾ?’ ಅಂದರು. ಈ ಸಲ ಅವರ ತಾಯಿಯೇ ನೀರಿನಿಂದ ಮೇಲೆ ಬರಲು ಒಪ್ಪಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಂಪು ಕಟ್ಟಿಕೊಂಡು ಓಡಾಡುವವರಿಗೆ ವೀಸಾ, ಟಿಕೆಟ್ಟು, ರೂಮು ಇವೆಲ್ಲ ಗೊತ್ತಿರೋದೇ. ನೇರ ವಿಷಯಕ್ಕೆ ಬರುತ್ತೇನೆ. ಈ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ನದಿ ಅಂತ ಇಲ್ಲ. ಎಲ್ಲ ಸುಣ್ಣಕಲ್ಲು, ನೀರೆಲ್ಲ ಒಳಗೇ ಹರಿಯುತ್ತದೆ. ಮೇಲಿನ ಕಲ್ಲು ಕುಸಿದ ಕಡೆ ತೆರೆದುಕೊಂಡ ಬಾವಿಗಳೇ ಸೆನೋಟೆಗಳು. ನಾನು ಆರಿಸಿಕೊಂಡದ್ದು ಕೋಬಾ ಊರಿನ ಹತ್ತಿರದ್ದು. ಕಡಲತೀರದ ಟುಲುಮ್‌ನಿಂದ ಸುಮಾರು 45 ಕಿಲೋಮೀಟರ್ ಒಳಗೆ. ಅಲ್ಲಿ ಹತ್ತಿರ ಹತ್ತಿರದಲ್ಲೇ ಮೂರು ಇವೆ: ಚೂ ಹಾ, ತಂಕಾಚ್ ಹಾ, ಮುಲ್ತುಮ್ ಹಾ.

ನಮ್ಮಂಥ ಗುಂಪಿಗೆ ಚೂ ಹಾ ಸರಿ, ಬೇರೆ ಮಾತೇ ಬೇಡ. ನೆಲದಲ್ಲಿ ಒಂದು ಸಣ್ಣ ಬಾಯಿ, ಮರದ ಮೆಟ್ಟಿಲು, ಕೆಳಗೆ ಒಂದು ಹಾಲ್‌ನಷ್ಟು ಗುಹೆ. ತಗ್ಗು ಛಾವಣಿಯಿಂದ ಸುಣ್ಣದ ಕಂಬಗಳು ಇಳಿಬಿದ್ದಿವೆ. ನೀರಿನ ಅಡಿಯೂ ಕಾಣುತ್ತದೆ, ಒಂದು ಬದಿಯಲ್ಲಿ ಕಾಲಿಗೆ ನೆಲ ಸಿಗುತ್ತದೆ. ತಂಕಾಚ್ ಹಾದಲ್ಲಿ 5 ಮೀಟರ್, 10 ಮೀಟರ್ ಎತ್ತರದ ಅಟ್ಟಣಿಗೆಗಳಿವೆ. ಹುಡುಗರು ಹಾರಲಿ, ಹಿರಿಯರು ಅತ್ತ ಹೋಗೋದೇ ಬೇಡ. ಮುಲ್ತುಮ್ ಹಾ ನೋಡಲು ಮೂರರಲ್ಲೂ ಚಂದ. ಆದರೆ ಸುತ್ತುಮೆಟ್ಟಿಲು ಇಳಿದಷ್ಟೂ ಮುಗಿಯಲ್ಲ. ಮಂಡಿಯವರು ಮೇಲೇ ಇರಲಿ.

ಕ್ರಮ ಬದಲಿಸಿದ್ದು ಯಾಕೆ ಅಂದರೆ, ಹಳೆಯ ಕ್ರಮ ಸೋತಿತ್ತು. ಹಿಂದಿನ ಪ್ರವಾಸದಲ್ಲಿ ಬೆಳಿಗ್ಗೆ ಕಾಡು ಅಂತ ಎಲ್ಲರೂ ಮೈತುಂಬ ಸನ್‌ಸ್ಕ್ರೀನ್, ಸೊಳ್ಳೆ ಎಣ್ಣೆ ಬಳಿದುಕೊಂಡರು. ಸೆನೋಟೆಗೆ ಇವೆರಡೂ ನಿಷೇಧ, ನೀರು ಕೆಡುತ್ತದೆ. ಹಾಗಾಗಿ ಮಧ್ಯಾಹ್ನ ಎಲ್ಲರೂ ಶವರ್‌ಗೆ ಸಾಲು. ಅಷ್ಟರಲ್ಲಿ ನಾಲ್ಕಾರು ಬಸ್ಸಿನ ಜನ ಬಂದು ಮೆಟ್ಟಿಲೆಲ್ಲ ತುಂಬಿಹೋಯಿತು. ಹಿರಿಯರು ಆಗಲೇ ಸುಸ್ತು. ಸುಸ್ತಾದವರಿಗೆ ಹೆದರಿಕೆ ಜಾಸ್ತಿ, ಇದು ನಾನು ಕಣ್ಣಾರೆ ಕಂಡದ್ದು. ಅರ್ಧ ಗುಂಪು ಕೆಳಗೆ ಇಣುಕಿ ನೋಡಿ ವಾಪಸ್ ಬಂತು. ತಲೆಗೆ ನೂರಮೂವತ್ತೋ ನೂರನಲವತ್ತೋ ಡಾಲರ್ ಕೊಟ್ಟಿದ್ದೆವು. ನೀರು ಮುಟ್ಟದವರಿಗೂ ಅಷ್ಟೇ ದುಡ್ಡು.

ಮಧ್ಯಾಹ್ನವೇ ಹೋಗಬೇಕು ಅನ್ನುವವರ ವಾದವೂ ಸುಳ್ಳಲ್ಲ. ಛಾವಣಿಯಲ್ಲಿ ತೂತಿರುವ ಸೆನೋಟೆಗಳಲ್ಲಿ ನಡುಮಧ್ಯಾಹ್ನ ಬಿಸಿಲಕೋಲು ನೇರ ನೀರಿಗೆ ಇಳಿಯುತ್ತದೆ, ಫೋಟೋಗೆ ಅದೇ ಬೇಕು. ಚೂ ಹಾ ಒಳಗೆ ಹೇಗೂ ಲೈಟ್ ಹಾಕಿರುತ್ತಾರೆ. ಬೆಳಿಗ್ಗೆಯೂ ಒಂದೇ, ಮಧ್ಯಾಹ್ನವೂ ಒಂದೇ.

ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು ಅಂದುಕೊಂಡರೆ ಇನ್ನೊಂದು ತಲೆನೋವು ಎದುರಾಯಿತು. ಟುಲುಮ್, ಕೋಬಾ ಇರೋದು ಕಿಂಟಾನಾ ರೋ ರಾಜ್ಯದಲ್ಲಿ. ಅಗ್ಗ ಅಂತ ಹಿಡಿದ ವ್ಯಾನಿನವನು ಪಕ್ಕದ ಯುಕಾಟಾನ್ ರಾಜ್ಯದ ವಯ್ಯದೊಲಿದ್‌ನವನು. 2015ರಿಂದ ಕಿಂಟಾನಾ ರೋ ಗಡಿಯಾರ ಒಂದು ಗಂಟೆ ಮುಂದೆ. ‘ಏಳಕ್ಕೆ ಬಾರಪ್ಪ’ ಅಂದರೆ ಅವನು ಅವನ ಏಳಕ್ಕೆ ಬಂದ. ನಮಗೆ ಎಂಟು. ಗಡಿ ಹತ್ತಿರ ಮೊಬೈಲ್ ಕೂಡ ಆ ಕಡೆ ಈ ಕಡೆ ಹಾರುತ್ತಿರುತ್ತದೆ. ಈಗ ಸಮಯ ಹೇಳುವಾಗ ‘ಟುಲುಮ್ ಗಂಟೆ’ ಅಂತಲೇ ಹೇಳುತ್ತೇನೆ, ಮೆಸೇಜಲ್ಲೂ ಹಾಗೇ ಬರೆಸಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ಇನ್ನೊಬ್ಬ ಏಜೆಂಟ್ ಇಪ್ಪತ್ತು ಸೀಟಿನ ಗಾಡಿ ಅಂತ ಅಡ್ವಾನ್ಸ್ ತಗೊಂಡು ಹನ್ನೆರಡು ಸೀಟಿಂದು ಕಳಿಸಿದ್ದ. ಆ ನೂರು ಡಾಲರ್ ಬರಲೇ ಇಲ್ಲ. ಗಾಡಿಯ ಫೋಟೋ, ನಂಬರ್ ಪ್ಲೇಟ್ ಸಮೇತ ಕಳಿಸದೆ ಈಗ ಯಾರಿಗೂ ಒಂದು ಪೇಸೋ ಕೊಡಲ್ಲ.

ಆ ಭಾಗದಲ್ಲಿ ಓಡುವ ‘ಮಾಯಾ ರೈಲು’ ಅನ್ನೋದನ್ನೂ ಒಮ್ಮೆ ಪರೀಕ್ಷೆ ಮಾಡಿದೆ. 2023ರ ಡಿಸೆಂಬರಿನಲ್ಲಿ ಓಡಾಟ ಶುರುವಾದದ್ದು. ಗಾಡಿ ಚೆನ್ನಾಗಿದೆ, ಎಸಿ ತಂಪು. ಆದರೆ ನಿಲ್ದಾಣ ಊರಿಂದ ದೂರ. ಟ್ಯಾಕ್ಸಿ ಸೇರಿಸಿ ಲೆಕ್ಕ ಹಾಕಿದರೆ ವ್ಯಾನೇ ಅಗ್ಗ. ಆ ರೈಲುಮಾರ್ಗದ ಕಂಬಗಳನ್ನು ಇಂಥ ಗುಹೆಗಳ ಛಾವಣಿ ಕೊರೆದು ನಿಲ್ಲಿಸಿದ್ದಾರೆ ಅಂತ ಅಲ್ಲಿನ ಡೈವಿಂಗ್‌ನವರಿಗೆ ಇನ್ನೂ ಸಿಟ್ಟಿದೆ. ನನಗೂ ಅದು ಸರಿಕಾಣಲ್ಲ.

ಇನ್ನು ಎಣ್ಣೆ. ಇದನ್ನು ಯಾವ ಪ್ಯಾಕೇಜಿನವರೂ ನಿಮಗೆ ಹೇಳಿರಲ್ಲ. ನಮ್ಮ ಅಮ್ಮಂದಿರ ತಲೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತೆ ಅಲ್ವಾ? ಗೇಟಿನಲ್ಲಿದ್ದ ಹೆಂಗಸು ಜಡೆ ಮುಟ್ಟಿ ನೋಡಿ, ‘ಅಸೇಯ್ತೆ, ಅಸೇಯ್ತೆ’ (ಎಣ್ಣೆ, ಎಣ್ಣೆ) ಅಂತ ತಲೆ ಅಲ್ಲಾಡಿಸಿ ವಾಪಸ್ ಶವರ್‌ಗೆ ಕಳಿಸಿದಳು. ಬರೀ ತಣ್ಣೀರಲ್ಲಿ ಎಣ್ಣೆ ಹೋಗುತ್ತಾ? ಅಲ್ಲೇ ಮುಕ್ಕಾಲು ಗಂಟೆ ಹೋಯಿತು. ಈಗ ಹಿಂದಿನ ರಾತ್ರಿಯೇ ಎಲ್ಲರಿಗೂ ತಲೆಸ್ನಾನ ಕಡ್ಡಾಯ. ಸೀರೆ ಬೇಡ, ದುಪಟ್ಟಾ ಬೇಡ. ಬಿಗಿಯಾದ ಲೆಗಿಂಗ್ಸ್, ಮೇಲೆ ಉದ್ದ ತೋಳಿನ ಟೀಶರ್ಟ್, ಕಾಲಿಗೆ ರಬ್ಬರ್ ಶೂ. ಮೊದಲು ಗೊಣಗಿದವರೇ ಆಮೇಲೆ ‘ಇದೇ ಹಾಯಾಗಿದೆ’ ಅಂದರು.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಬಾಡಿಗೆ ಜಾಕೆಟ್‌ಗಳ ಪಟ್ಟಿ ಸಡಿಲ ಆಗಿರುತ್ತೆ. ನೀರಿಗಿಳಿದ ಕೂಡಲೇ ಜಾಕೆಟ್ ಮೇಲೇರಿ ಕಿವಿ ಮುಚ್ಚುತ್ತದೆ, ಗಲ್ಲ ಸಿಕ್ಕಿಕೊಳ್ಳುತ್ತದೆ. ಈಜು ಬಾರದವರು ಗಾಬರಿ ಆಗೋದು ನೀರಿಗಲ್ಲ, ಇದಕ್ಕೆ. ನಾನು ಡಾಲಸ್‌ನಲ್ಲೇ ತಲಾ 25 ಡಾಲರ್ ಆಸುಪಾಸಿನ ಜಾಕೆಟ್ ಕೊಂಡು, ಬೆನ್ನಿನ ಕೆಳಗಿಂದ ಕಾಲ ಸಂದಿಯಲ್ಲಿ ಮುಂದಕ್ಕೆ ಬರುವ ಹಾಗೆ ಒಂದಿಂಚಿನ ನೈಲಾನ್ ಪಟ್ಟಿ ಹೊಲಿಸಿದೆ. ಮುಂದೆ ಒಂದು ಬಕಲ್. ಜಾಕೆಟ್ ಮಿಸುಕಲ್ಲ. ಅದನ್ನು ಹಾಕಿಕೊಂಡು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಒಂದೆರಡು ಸಲ ತೇಲಿಸಿ ನೋಡಿದ್ದೆವು. ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

ಕೆಳಗೆ ಇಳಿದ ಮೇಲೆ ಅವಸರ ಮಾಡಬಾರದು. ಕೊನೆಯ ಮೆಟ್ಟಿಲ ಮೇಲೆ ಸುಮ್ನೆ ಕೂರಿಸುತ್ತೇನೆ. ಹತ್ತು ನಿಮಿಷ, ಕಾಲು ಮಾತ್ರ ನೀರಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ನೀರು ವರ್ಷವಿಡೀ 24–25 ಡಿಗ್ರಿ. ಮೊದಲು ಚುಳ್ ಅನ್ನುತ್ತೆ, ಆಮೇಲೆ ಗೊತ್ತಾಗಲ್ಲ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತವೆ. ನಮ್ಮ ಅತ್ತೆ ‘ಅಯ್ಯೋ ಅಯ್ಯೋ’ ಅಂತ ಕಾಲೆತ್ತಿದರು, ಮತ್ತೆ ಅವರೇ ಬಿಟ್ಟರು. ಮೂರನೇ ಸಲ ಕಾಲಾಡಿಸದೆ ಕೂತು ಮೀನು ಎಣಿಸತೊಡಗಿದರು. ಆಗ ನನಗೆ ಗೊತ್ತಾಯಿತು, ಇವರು ಇಳಿಯುತ್ತಾರೆ ಅಂತ. ಮೆಟ್ಟಿಲು ಬಿಡಿಸುವಾಗ ನಾನು ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತೇನೆ, ಒಂದು ಥರ ಕೈ ಹಿಡಿಯುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ಬೇಕಾದವರು ಜೊತೆಗೆ ಬನ್ನಿ.

ಕನ್ನಡಕದ ಕಥೆ ಒಂದಿದೆ. ಈಜುಗನ್ನಡಕಕ್ಕೆ ಆವಿ ಕಟ್ಟಿದರೆ ಉಗುಳು ಸವರಿ ತೊಳೆಯೋದು ಡೈವಿಂಗ್‌ನವರ ಹಳೇ ಉಪಾಯ. ನಮ್ಮಲ್ಲಿ ಎಂಜಲು ಅಂತ ಯಾರೂ ಒಪ್ಪಲಿಲ್ಲ. ಬೇಬಿ ಶಾಂಪೂ ಆ ನೀರಿಗೆ ಬೇಡ ಅನ್ನಿಸಿತು. ಕೊನೆಗೆ ಆಲೂಗಡ್ಡೆ ಹೋಳು ಮಾಡಿ ಗಾಜಿನ ಒಳಬದಿಗೆ ಉಜ್ಜಿ, ರೂಮಿನಲ್ಲೇ ತೊಳೆದು ತಂದೆವು. ಅರ್ಧ ಗಂಟೆ ಚೆನ್ನಾಗಿ ತಡೆಯಿತು. ಸೌತೆಕಾಯಿಯೂ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ.

ನೀರಿನಿಂದ ಎದ್ದು, ಬಟ್ಟೆ ಬದಲಿಸಿ, ಆಗ ಸೊಳ್ಳೆ ಎಣ್ಣೆ. ಕೋಬಾ ಊರಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಪುಂಟಾ ಲಗೂನಾ. ಅಲ್ಲಿನ ಮೂಲನಿವಾಸಿ ಮಾಯಾ ಜನರೇ ನೋಡಿಕೊಳ್ಳುವ ಕಾಡು, 2002ರಲ್ಲಿ ಸಂರಕ್ಷಿತ ಪ್ರದೇಶ ಆಯಿತು. ಉದ್ದ ಕೈಕಾಲಿನ ಜೇಡಕೋತಿಗಳಿಗೆ ಹೆಸರುವಾಸಿ. ಅಲ್ಲಿಯ ಗೈಡ್ ಜೊತೆಗೇ ನಡೆಯಬೇಕು. ಕೋತಿ ಸಿಕ್ಕೇ ಸಿಗುತ್ತೆ ಅಂತ ನಾನು ಯಾರಿಗೂ ಮಾತು ಕೊಡಲ್ಲ. ಆದರೆ ಚೆಚೆಮ್ ಮರ ಸಿಕ್ಕೇ ಸಿಗುತ್ತೆ. ತೊಗಟೆ ಮೇಲೆ ಕಪ್ಪು ಕಲೆ, ಅದರ ರಸ ತಾಗಿದರೆ ಮೈ ಬೊಬ್ಬೆ. ಮದ್ದಿಗೆ ಚಕಾ ಅನ್ನುವ, ಕೆಂಪು ಸಿಪ್ಪೆ ಸುಲಿಯುವ ಮರ ತೋರಿಸುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಮಾವ ದೂರದಿಂದಲೇ ನೋಡಿ, ‘ಇದು ನಮ್ಮ ಹೊಳಗೇರಿನ ಜಾತಿ ಕಣಯ್ಯಾ, ಮುಟ್ಟಬೇಡಿ’ ಅಂದರು. ಮಾವ ಹೇಳಿದ್ದು ಸರಿ. ಗೋಡಂಬಿ, ಹೊಳಗೇರು, ಚೆಚೆಮ್ ಮೂರೂ ಒಂದೇ ಕುಟುಂಬದವು. ಗೈಡ್ ಅವತ್ತಿಡೀ ಮಾವನ ಪಕ್ಕದಲ್ಲೇ ನಡೆದ.

ಊಟಕ್ಕೆ ಒಂದು ಎಚ್ಚರಿಕೆ. ಕಪ್ಪು ಹುರುಳಿಯಂಥ ಕಾಳು ಕೊಡುತ್ತಾರೆ, ಸಸ್ಯಾಹಾರಿ ಅಂತಲೂ ಹೇಳುತ್ತಾರೆ. ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲೇ ಒಗ್ಗರಣೆ. ‘ಸಿನ್ ಮಾಂತೇಕಾ’ (ಹಂದಿ ಕೊಬ್ಬು ಬೇಡ) ಅಂತ ಹಿಂದಿನ ದಿನವೇ ಹೇಳಬೇಕು, ಬಡಿಸುವಾಗ ಹೇಳಿದರೆ ಏನೂ ಆಗಲ್ಲ. ನಮಗೆ ಆಸರೆ ಆದದ್ದು ಸಿಕಿಲ್ ಪಾಕ್. ಕುಂಬಳ ಬೀಜ ಹುರಿದು, ಸುಟ್ಟ ಟೊಮೆಟೊ, ಮೆಣಸಿನಕಾಯಿ ಸೇರಿಸಿ ಅರೆದದ್ದು, ಥೇಟ್ ನಮ್ಮ ಚಟ್ನಿ. ಬಿಸಿ ಟೋರ್ಟಿಯಾ ರೊಟ್ಟಿ ಜೊತೆ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಯಾವ ಮನೆ ಅಂತ ಕೇಳಬೇಡಿ, ಅವರು ಒಂದು ಹೊತ್ತಿಗೆ ಒಂದೇ ಗುಂಪಿಗೆ ಮಾಡೋದು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ವ್ಯಾನು ಡ್ರೈವರ್ ಸಮೇತ 350 ಡಾಲರ್ ಹತ್ತಿರ, ಗೈಡ್‌ಗೆ ನೂರು ಚಿಲ್ಲರೆ. ಸೆನೋಟೆ ಒಂದಕ್ಕೆ ತಲೆಗೆ ನೂರು ಪೇಸೋ ಸುಮಾರು, ಕಾಡಿನ ಟಿಕೆಟ್ಟು ಅದಕ್ಕಿಂತ ಸ್ವಲ್ಪ ಜಾಸ್ತಿ, ಊಟ 200ರಿಂದ 250 ಪೇಸೋ. ಹದಿನೆಂಟೋ ಇಪ್ಪತ್ತೋ ಜನರ ಮೇಲೆ ಹಂಚಿದರೆ ತಲೆಗೆ 60 ಡಾಲರ್ ದಾಟಲಿಲ್ಲ. ಜಾಕೆಟ್ ಖರ್ಚು ಬೇರೆ, ಅದು ಒಂದೇ ಸಲದ್ದು. ಎಲ್ಲ ಪೇಸೋ ನಗದಲ್ಲೇ ಇಟ್ಟುಕೊಳ್ಳಿ, ಕಾಡಿನ ಗೇಟುಗಳಲ್ಲಿ ಕಾರ್ಡ್ ನಂಬಿ ಹೋಗಬೇಡಿ. ಡಾಲರ್ ಕೊಟ್ಟರೆ ಅವರು ಹೇಳಿದ್ದೇ ರೇಟು.

ಮುಂದಿನ ಸಲ ವಯ್ಯದೊಲಿದ್ ಪಕ್ಕದ ಸಮುಲಾ, ಇಶ್ಕೆಕೆನ್ ನೋಡುವ ಯೋಚನೆ ಇದೆ. ಎರಡೂ ಗುಹೆಯೊಳಗಿನ ಕೊಳಗಳೇ, ಎದುರುಬದುರು. ಅಲ್ಲಿಗೆ ಹೊರಟರೆ ಗಡಿಯಾರ ನಮ್ಮ ಕಡೆ ಇರುತ್ತೆ, ಒಂದು ಗಂಟೆ ಪುಕ್ಕಟೆ. ಮೆಟ್ಟಿಲು ಎಷ್ಟು ಕಡಿದು ಅಂತ ಮೊದಲು ನಾನೊಬ್ಬನೇ ಇಳಿದು ನೋಡಿ ಬರಬೇಕು. ಅಲ್ಲಿಯವರೆಗೆ ಹೆಸರು ಕೊಡುವವರು ಜಾಕೆಟ್ ಸೈಜ್ ಕೂಡ ಹೇಳಿಬಿಡಿ, ಪಟ್ಟಿ ಹೊಲಿಸಲು ವಾರ ಬೇಕು.