ಶೀಲ್ಡ್ ಕೇಬಲ್‌ಗೆ ಕನೆಕ್ಟರ್: ಜಡೆಯ ತುದಿ ಕಟ್ಟುವುದು ಹೇಗೆ?

ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಕಣ್ಣಿಗೆ ಹೊಡೆಯುತ್ತವೆ. ಒಳಗೆ 60 ವೋಲ್ಟ್ ಡಿಸಿಗಿಂತ ಜಾಸ್ತಿ ಇದೆ, ಹುಷಾರು ಅನ್ನುವ ಗುರುತು ಅದು. ನಿಜದಲ್ಲಿ 400 ವೋಲ್ಟ್ ಇರುತ್ತದೆ, ಕೆಲವು ಕಾರುಗಳಲ್ಲಿ 800.

ಬ್ಯಾಟರಿಯ ಡಿಸಿಯನ್ನು ಇನ್ವರ್ಟರ್ ಸೆಕೆಂಡಿಗೆ ಸುಮಾರು ಹತ್ತು ಸಾವಿರ ಸಲ ಕತ್ತರಿಸಿ ಮೋಟರಿಗೆ ಕೊಡುತ್ತದೆ. ಪ್ರತಿ ಸಲ ಕತ್ತರಿಸಿದಾಗಲೂ ವಿದ್ಯುತ್ ಗದ್ದಲ (ರೇಡಿಯೋ ಕೆಡಿಸುವ ಬೇಡದ ಅಲೆಗಳು) ಎದ್ದು, ಅದು ಹತ್ತಾರು ಮೆಗಾಹರ್ಟ್ಸ್‌ವರೆಗೂ ಹರಡುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಈ ಗದ್ದಲದ ನಡುವೆಯೇ ಬರುತ್ತದೆ. ಅದಕ್ಕೇ ಕೇಬಲ್‌ನ ಇನ್ಸುಲೇಷನ್ ಮೇಲೆ ತವರ ಲೇಪಿಸಿದ ತಾಮ್ರದ ಎಳೆಗಳಿಂದ ಜಡೆ ಹೆಣೆದಿರುತ್ತಾರೆ. ಇದೇ ಶೀಲ್ಡ್. ಕೇಬಲ್ ಉದ್ದಕ್ಕೂ ಜಡೆ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗುವುದು ಕನೆಕ್ಟರ್ ಹತ್ತಿರದ ಕೊನೆಯ ಎರಡು ಇಂಚಿನಲ್ಲಿ.

ಮೊದಲು ಲೆಕ್ಕ

ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಸುತ್ತ ಎಷ್ಟು ಬಿಸಿ? ಈ ಮೂರನ್ನು ಬರೆದಿಟ್ಟುಕೊಳ್ಳಿ. 50 ಚದರ ಮಿ.ಮೀ. ತಾಮ್ರದ ಕೇಬಲ್, 200 ಆಂಪಿಯರ್ ಎಂದು ಇಟ್ಟುಕೊಳ್ಳೋಣ. ಪಿನ್ ಮತ್ತು ಸಾಕೆಟ್ ಕೂಡುವಲ್ಲಿ 0.2 ಮಿಲಿಓಮ್ ರೋಧವಿದ್ದರೆ 8 ವ್ಯಾಟ್ ಶಾಖ ಹುಟ್ಟುತ್ತದೆ. ಅದು ಕೇಬಲ್ ಗುಂಟ ಹರಿದುಹೋಗುತ್ತದೆ, ತೊಂದರೆಯಿಲ್ಲ. ಸ್ಪ್ರಿಂಗ್ ಸಡಿಲವಾಗಿ 0.6 ಆಯಿತು ಅನ್ನಿ. ಆಗ 24 ವ್ಯಾಟ್. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ! ಹಾಗಾಗಿ ಪಿನ್‌ಗೆ ಬೆಳ್ಳಿ ಲೇಪನ ಕೊಡುತ್ತಾರೆ. ಸಾಕೆಟ್ ಒಳಗೆ ಒಂದೇ ದೊಡ್ಡ ಸ್ಪ್ರಿಂಗ್ ಬದಲು ಹತ್ತಾರು ತೆಳು ಎಲೆಗಳಿರುವ ಸ್ಪ್ರಿಂಗ್ ಇಡುತ್ತಾರೆ. ಗಾಡಿ ಅಲುಗಾಡಿ ಒಂದು ಎಲೆ ಬಿಟ್ಟರೂ ಉಳಿದವು ಹಿಡಿದಿರುತ್ತವೆ.

ಈಗ ಜಡೆ

ಹೊಸಬರು ಮಾಡುವ ಕೆಲಸ ಒಂದಿದೆ. ಜಡೆ ಬಿಚ್ಚಿ, ಎಳೆಗಳನ್ನೆಲ್ಲ ಒಂದೇ ಕಡೆಗೆ ಎಳೆದು, ಬತ್ತಿಯ ಹಾಗೆ ಹೊಸೆದು, ಲಗ್ (ತೂತಿರುವ ಲೋಹದ ತುದಿ) ಹಾಕಿ ಬೋಲ್ಟ್ ಬಿಗಿಯುವುದು. ನೋಡಲು ಅಚ್ಚುಕಟ್ಟು. ಮಲ್ಟಿಮೀಟರ್ ಇಟ್ಟರೆ ಸೊನ್ನೆ ಓಮ್ ತೋರಿಸುತ್ತದೆ. ಆದರೆ ಮೀಟರ್ ನೋಡುವುದು ಡಿಸಿಯನ್ನು. 5 ಸೆಂ.ಮೀ. ಬತ್ತಿಯ ಇಂಡಕ್ಟೆನ್ಸ್, ಅಂದರೆ ಬೇಗ ಬೇಗ ಬದಲಾಗುವ ಕರೆಂಟಿಗೆ ಅಡ್ಡಬರುವ ಗುಣ, ಸುಮಾರು 50 ನ್ಯಾನೊಹೆನ್ರಿ. 10 ಮೆಗಾಹರ್ಟ್ಸ್ ಗದ್ದಲಕ್ಕೆ ಅದು 3 ಓಮ್‌ನ ಗೋಡೆ. ನಮಗೆ ಬೇಕಿರುವುದು ಮಿಲಿಓಮ್‌ಗಳ ಲೆಕ್ಕ. ಇಷ್ಟೆಲ್ಲ ದುಡ್ಡು ಕೊಟ್ಟು ಶೀಲ್ಡ್ ಕೇಬಲ್ ತಂದದ್ದು ಸುಮ್ನೆ ಆಯಿತಲ್ವಾ?

ಜಡೆಯನ್ನು ಸುತ್ತಲೂ, ಪೂರ್ತಿ 360 ಡಿಗ್ರಿ ಹಿಡಿಯಬೇಕು. ಕ್ರಮ ಹೀಗೆ. ಹೊರಗಿನ ಕಿತ್ತಳೆ ಪದರವನ್ನು ಸುತ್ತ ಕೊಯ್ದು ತೆಗೆಯಿರಿ. ಎಳೆಗಳು ಕೂದಲಿನಷ್ಟು ಸಣ್ಣ, ಬ್ಲೇಡ್ ಸ್ವಲ್ಪ ಆಳಕ್ಕಿಳಿದರೂ ಹತ್ತಿಪ್ಪತ್ತು ಎಳೆ ಹೋದವು. ಜಡೆಯನ್ನು ಗಂಟೆಯ ಬಾಯಿಯ ಹಾಗೆ ಮೆಲ್ಲಗೆ ಅರಳಿಸಿ. ಅದರ ಕೆಳಗೆ, ಇನ್ಸುಲೇಷನ್ ಮೇಲೆ, ಗಟ್ಟಿ ಲೋಹದ ಬಳೆಯೊಂದನ್ನು ತೂರಿಸಿ. ಇದು ಒಳಗಿನ ಫೆರೂಲ್. ಜಡೆಯನ್ನು ಅದರ ಮೇಲೆ ಸವರಿ ಕೂರಿಸಿ. ಮೇಲಿಂದ ಹೊರಗಿನ ಫೆರೂಲ್ ಹಾಕಿ ಕ್ರಿಂಪ್ ಮಾಡಿ, ಅಂದರೆ ಬಿಗಿಯಾಗಿ ಒತ್ತಿ ಹಿಡಿಸಿ.

ಒಳಗಿನ ಬಳೆ ಯಾಕೆ? ಸಿಲಿಕೋನ್ ರಬ್ಬರಿನ ಇನ್ಸುಲೇಷನ್ ಮೆತ್ತಗಿರುತ್ತದೆ. ಅದರ ಮೇಲೆ ನೇರವಾಗಿ ಒತ್ತಿದರೆ ಬಿಸಿಗೆ ಮೆಲ್ಲಗೆ ಜಾರಿಕೊಂಡು ಕ್ರಿಂಪ್ ಸಡಿಲವಾಗುತ್ತದೆ. ಅಡಿಯಲ್ಲಿ ಗಟ್ಟಿ ನೆಲೆ ಇದ್ದರೆ ಹಿಡಿತ ಉಳಿಯುತ್ತದೆ.

ಆಮೇಲೆ ದಾರಿ ಮುಂದುವರಿಯಬೇಕು. ಫೆರೂಲ್‌ನಿಂದ ಸ್ಪ್ರಿಂಗ್ ಬೆರಳುಗಳ ಮೂಲಕ ಕನೆಕ್ಟರ್‌ನ ಲೋಹದ ಕವಚಕ್ಕೆ, ಅಲ್ಲಿಂದ ಇನ್ವರ್ಟರ್‌ನ ಅಲ್ಯೂಮಿನಿಯಂ ಪೆಟ್ಟಿಗೆಗೆ. ಒಮ್ಮೆ ನಾವು ಇದೆಲ್ಲ ಸರಿಯಾಗಿ ಮಾಡಿಯೂ ಗದ್ದಲದ ಪರೀಕ್ಷೆಯಲ್ಲಿ ಫೇಲಾದೆವು. ಇಡೀ ದಿನ ಕ್ರಿಂಪ್ ಬಿಚ್ಚಿ ಬಿಚ್ಚಿ ನೋಡಿದ್ದೇ ಆಯಿತು. ಸಂಜೆ ಹೊತ್ತಿಗೆ ಗೊತ್ತಾಯಿತು, ಪೆಟ್ಟಿಗೆಯಲ್ಲಿ ಕನೆಕ್ಟರ್ ಕೂರುವ ಜಾಗಕ್ಕೂ ಚೆಂದಕ್ಕೆ ಪೌಡರ್ ಕೋಟಿಂಗ್ ಹೊಡೆದಿದ್ದರು. ಎಮರಿ ಪೇಪರ್‌ನಲ್ಲಿ ಉಜ್ಜಿದ ಮೇಲೆ ಗದ್ದಲ ಇಳಿಯಿತು. ಆನೊಡೈಸ್ ಮಾಡಿದ ಮೇಲ್ಮೈಯೂ ಹಾಗೆಯೇ, ಕರೆಂಟ್ ಬಿಡುವುದಿಲ್ಲ. ಡ್ರಾಯಿಂಗ್‌ನಲ್ಲೇ 'ಇಲ್ಲಿ ಲೇಪನ ಬೇಡ' ಎಂದು ಬರೆದುಬಿಡಿ.

ಇನ್ನೊಂದು ಸೂಕ್ಷ್ಮ. ಮೋಟರಿಗೆ ಹೋಗುವ ಮೂರು ಕೇಬಲ್‌ಗಳಿಗೆ ಬೇರೆ ಬೇರೆ ಜಡೆಯಿದ್ದು, ಎರಡೂ ತುದಿ ಪೆಟ್ಟಿಗೆಗೆ ಸೇರಿದ್ದರೆ, ಜಡೆಯಲ್ಲೂ ಕರೆಂಟ್ ಸುತ್ತುತ್ತದೆ. ಅಂದರೆ ಫೆರೂಲ್ ಕೂಡ ಬಿಸಿಯಾಗುತ್ತದೆ. ಅದಕ್ಕೂ ಆಂಪಿಯರ್ ಲೆಕ್ಕ ಹಾಕಬೇಕು.

ದೂರ

ಜಡೆ ಕಾರಿನ ಲೋಹದ ಮೈಗೆ ಸೇರಿದ್ದು, ಪಿನ್ 800 ವೋಲ್ಟ್‌ನಲ್ಲಿದೆ. ಎರಡರ ನಡುವೆ ಪ್ಲಾಸ್ಟಿಕ್ ಮೈಮೇಲೆ ಹರಿಯುವ ದೂರ ಕ್ರೀಪೇಜ್, ಗಾಳಿಯಲ್ಲಿ ಜಿಗಿಯುವ ದೂರ ಕ್ಲಿಯರೆನ್ಸ್. ಮಾಮೂಲಿ ಧೂಳಿನ ಲೆಕ್ಕದಲ್ಲಿ, 800 ವೋಲ್ಟ್‌ಗೆ ಒಳ್ಳೆ ದರ್ಜೆಯ ಪ್ಲಾಸ್ಟಿಕ್ ಆದರೆ ಕನಿಷ್ಠ 4 ಮಿ.ಮೀ. ಕ್ರೀಪೇಜ್ ಸಾಕು. ಅಗ್ಗದ್ದಾದರೆ 8 ಬೇಕು. ಜಾಗವಿಲ್ಲದಿದ್ದರೆ ಏಣು ಕೊಟ್ಟು ದಾರಿ ಉದ್ದ ಮಾಡಿ. ಇಷ್ಟು ಲೆಕ್ಕ ಹಾಕಿದ ಮೇಲೆ ಜಡೆಯ ಒಂದೇ ಒಂದು ಎಳೆ ಫೆರೂಲ್‌ನಿಂದ ಹೊರಗೆ ಚಾಚಿದ್ದರೆ, ಆ ಮಿಲಿಮೀಟರ್‌ಗಳೆಲ್ಲ ಹೋದವು. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡದೆ ಮುಂದೆ ಹೋಗಬೇಡಿ.

2,000 ಮೀಟರ್ ಎತ್ತರ ದಾಟಿದರೆ ಗಾಳಿ ತೆಳುವಾಗುತ್ತದೆ, ಕ್ಲಿಯರೆನ್ಸ್ ಹೆಚ್ಚಿಸಬೇಕು. ಲೇಹ್ ಇರುವುದೇ ಸುಮಾರು 3,500 ಮೀಟರ್‌ನಲ್ಲಿ.

ಕಳಚುವ ಕೈ

ಕರೆಂಟ್ ಹರಿಯುವಾಗಲೇ ಪಿನ್ ಕಳಚಿದರೆ ಏಳುವ ಕಿಡಿಯೇ ಆರ್ಕ್. ಡಿಸಿ ಆರ್ಕ್ ಹಠಮಾರಿ. ಮನೆಯ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆರ್ಕ್ ಆರಲು ಅವಕಾಶವಿದೆ. ಡಿಸಿಯಲ್ಲಿ ಇಲ್ಲ. ಆದ್ದರಿಂದ ದೊಡ್ಡ ಪಿನ್‌ಗಳ ಪಕ್ಕ ಎರಡು ಗಿಡ್ಡ ಪಿನ್ ಇಡುತ್ತಾರೆ. ಕೂಡಿಸುವಾಗ ಕೊನೆಗೆ ತಾಗುವುದು, ಕಳಚುವಾಗ ಮೊದಲು ಬಿಡುವುದು ಇವೇ. ಇವು ಬಿಟ್ಟ ಕೂಡಲೇ ಕಂಟ್ರೋಲರ್ ಬ್ಯಾಟರಿಯನ್ನು ಬೇರ್ಪಡಿಸುತ್ತದೆ. ಅದಕ್ಕೆ ಸಮಯ ಸಿಗಲೆಂದೇ ಕನೆಕ್ಟರ್ ಕಳಚುವ ಲಿವರ್ ಎರಡು ಹಂತದಲ್ಲಿ ತೆರೆಯುವಂತೆ ಮಾಡಬೇಕು. ಕಳಚಿದ ಮೇಲೂ ಬೆರಳಿಗೆ ಪಿನ್ ಸಿಗಬಾರದು. ಇದನ್ನು ನೋಡಲು 12 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ ಲೋಹದ ಕೃತಕ ಬೆರಳೇ ಇದೆ.

ನೀರಿನ ಸೀಲ್ ಬಗ್ಗೆ ಒಂದೇ ಮಾತು: ಸೀಲ್ ಹಿಂದೆಯೇ ಕೇಬಲ್ ಬಗ್ಗಿಸಬೇಡಿ. ಅದು ಮೊಟ್ಟೆಯಾಕಾರವಾದರೆ ಒಂದು ಬದಿಯಲ್ಲಿ ಸಂದು ಬೀಳುತ್ತದೆ.

ಪರೀಕ್ಷೆ

ಒಂದು ಕ್ರಿಂಪನ್ನು ಅಡ್ಡಡ್ಡ ಕೊಯ್ದು, ಪಾಲಿಶ್ ಮಾಡಿ, ಮೈಕ್ರೋಸ್ಕೋಪ್ ಅಡಿ ನೋಡಿ. ಎಳೆಗಳ ನಡುವೆ ಕಪ್ಪು ಸಂದು ಕಂಡರೆ ಒತ್ತಡ ಸಾಲದು. ಮಿಕ್ಕ ಮಾದರಿಗಳಿಗೆ ಬಿಸಿ, ತಂಪು, ಅಲುಗಾಟ ಕೊಡಿ. ಪರೀಕ್ಷೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಫೆರೂಲ್‌ನಿಂದ ಪೆಟ್ಟಿಗೆಯವರೆಗಿನ ಮಿಲಿಓಮ್ ಅಳೆಯಿರಿ. ಇದಕ್ಕೆ ನಾಲ್ಕು ವೈರ್‌ನ ಮೀಟರ್ ಬೇಕು, ಮಾಮೂಲಿ ಮಲ್ಟಿಮೀಟರ್ ಆಗದು. ಅಂಕಿ ಏರಿದ್ದರೆ ಫೆರೂಲ್ ಬಿಚ್ಚಿ, ಮತ್ತೆ ಜಡೆ ಅರಳಿಸುವಲ್ಲಿಂದ ಶುರು.